ಮೆಥನಾಲ್ ಉಣ್ಣುತ್ತದೆ, ಆದರೆ ಅದರ ಜೀನ್ ಸಿಗುತ್ತಿಲ್ಲ

ಕೆಸರುಬಾಟಲಿ (ಪ್ರಶ್ನೆ)

ಸಿಹಿನೀರಿನ ಸರೋವರದ ತಳದ ಕೆಸರಿಗೆ ಮೆಥನಾಲನ್ನೊಂದೇ ಇಂಗಾಲದ ಮೂಲವಾಗಿ ಕೊಟ್ಟು ಬ್ಯಾಕ್ಟೀರಿಯಾ ಬೆಳೆಸುತ್ತಿದ್ದೇನೆ. 16ಎಸ್ (ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ಜೀನ್) ಅನುಕ್ರಮದ ಪ್ರಕಾರ ನನ್ನ ತಳಿ ಮೆಥೈಲೋಟೆನೆರಾ ಕುಲಕ್ಕೆ ಹತ್ತಿರ. ಕೆಸರಿನ ಕಣಗಳು ಒಂದಿಷ್ಟು ಉಳಿದಿರುವ ಬಾಟಲಿಯಲ್ಲಿ ದ್ರವ ಚೆನ್ನಾಗಿ ಮಬ್ಬಾಗುತ್ತದೆ. ಅದನ್ನು ಹೊಸ ಮಾಧ್ಯಮಕ್ಕೆ (ಪೋಷಕ ದ್ರವಕ್ಕೆ) ದಾಟಿಸುತ್ತ ಹೋದಂತೆ ಬೆಳವಣಿಗೆ ಸೊರಗುತ್ತದೆ. ಮೆಥನಾಲ್ ಡಿಹೈಡ್ರೋಜಿನೇಸ್ ಕಿಣ್ವದ ಮಕ್ಸಾಎಫ್ ಜೀನ್‌ಗಾಗಿ ಎಲ್ಲರೂ ಬಳಸುವ ಪ್ರೈಮರ್ (ಜೀನನ್ನು ಹುಡುಕುವ ಡಿಎನ್‌ಎ ತುಣುಕು) ಹಾಕಿ ಪಿಸಿಆರ್ (ಜೀನಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮಾಡಿದರೆ ಜೆಲ್‌ನಲ್ಲಿ ಪಟ್ಟಿಯೇ ಮೂಡುವುದಿಲ್ಲ. ಹೋಲಿಕೆಗೆ ಇಟ್ಟ ತಳಿಯ ಪಟ್ಟಿ ಮಾತ್ರ ಹೊಳೆಯುತ್ತದೆ. ಕಿಣ್ವವೇ ಇಲ್ಲದೆ ಇದು ಮೆಥನಾಲ್ ಅರಗಿಸಿಕೊಳ್ಳುವುದು ಹೇಗೆ? ಅಥವಾ ಜೊತೆಯಲ್ಲಿರುವ ಇನ್ನಾವುದೋ ಜೀವಿಯ ಎಂಜಲು ತಿಂದು ಬದುಕುತ್ತಿದೆಯೇ?

ಹಳೆಯಪಿಪೆಟ್

ಕಿಣ್ವ ಇದೆ, ನೀವು ತಟ್ಟುತ್ತಿರುವ ಬಾಗಿಲು ಬೇರೆ. ಸಿಯಾಟಲ್‌ನ ವಾಷಿಂಗ್ಟನ್ ಸರೋವರದ ಕೆಸರಿನಿಂದ ಬಂದ ಮೆಥೈಲೋಟೆನೆರಾ ಮೊಬಿಲಿಸ್ ಅನ್ನು 2006ರಲ್ಲಿ ವಿವರಿಸಿದಾಗ ಮೆಥೈಲಮೀನ್ ಒಂದನ್ನೇ ಉಣ್ಣುವ ಜೀವಿ ಎಂದೇ ಬರೆದಿದ್ದರು. ಅದರ ಜೀನೋಮ್‌ನಲ್ಲಿ ಮಕ್ಸಾಎಫ್ ಇಲ್ಲ, ಝಾಕ್ಸ್‌ಎಫ್ ಇದೆ; ಅದೂ ಮೆಥನಾಲ್ ಡಿಹೈಡ್ರೋಜಿನೇಸಿನದೇ ಇನ್ನೊಂದು ಬಗೆಯ ಜೀನ್. ಮಕ್ಸಾಎಫ್ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕು. ಝಾಕ್ಸ್‌ಎಫ್‌ಗೆ ಬೇಕಾದದ್ದು ಲ್ಯಾಂಥನಂ, ಸೀರಿಯಂನಂಥ ವಿರಳ ಭಸ್ಮ ಧಾತುಗಳು. ಈ ಝಾಕ್ಸ್‌ಎಫ್ ಏನು ಮಾಡುತ್ತದೆ ಎಂಬುದು ಬಹುಕಾಲ ಒಗಟಾಗಿಯೇ ಇತ್ತು. ಮಾಧ್ಯಮಕ್ಕೆ ಲ್ಯಾಂಥನಂ ಹಾಕಬೇಕೆಂದು ಯಾರಿಗೆ ತಾನೇ ಹೊಳೆಯಬೇಕು!

ನಿಮ್ಮ ಕೆಸರಿನ ಕಣಗಳ ಕಥೆ ಓದಿದ ಕೂಡಲೇ ಇಟಲಿಯ ಜ್ವಾಲಾಮುಖಿ ಪ್ರದೇಶದ ಬಿಸಿ ಕೆಸರುಗುಂಡಿ ನೆನಪಾಯಿತು. ಅಲ್ಲಿಯ ಮೆಥೈಲಾಸಿಡಿಫಿಲಮ್ ಎಂಬ ಬ್ಯಾಕ್ಟೀರಿಯಾ ಆ ಗುಂಡಿಯ ನೀರನ್ನೇ ಸೇರಿಸಿದರೆ ಮಾತ್ರ ಸರಿಯಾಗಿ ಬೆಳೆಯುತ್ತಿತ್ತು. ನೀರಿನಲ್ಲಿದ್ದ ಗುಟ್ಟು ಲ್ಯಾಂಥನೈಡ್ (ಲ್ಯಾಂಥನಂ ಗುಂಪಿನ ಧಾತುಗಳು) ಎಂದು 2014ರಲ್ಲಿ ಬಯಲಾಯಿತು. ನಿಮ್ಮ ಬಾಟಲಿಯಲ್ಲೂ ಕಣಗಳು ತೊಳೆದುಹೋದಂತೆ ಅದೇ ಖಾಲಿಯಾಗುತ್ತಿರಬಹುದು. ಕೆಲವು ಮೈಕ್ರೊಮೋಲಾರ್‌ನಷ್ಟು ಲ್ಯಾಂಥನಂ ಕ್ಲೋರೈಡ್ ಹಾಕಿ ನೋಡಿ. ಫಾಸ್ಫೇಟ್ ಜೊತೆ ಸೇರಿ ಅದು ತಳಕ್ಕೆ ಕೂರುತ್ತದೆ, ಆದ್ದರಿಂದ ದ್ರಾವಣವನ್ನು ಪ್ರತ್ಯೇಕವಾಗಿಟ್ಟು ಕೊನೆಗೆ ಬೆರೆಸಿ. ಹೋಲಿಕೆಗೆ ಇಡುವ ಲ್ಯಾಂಥನಂ ಇಲ್ಲದ ಬಾಟಲಿ ಪ್ಲಾಸ್ಟಿಕ್ಕಿನದೇ ಆಗಿರಲಿ. ಗಾಜಿನಿಂದ ಸೋರುವ ಲೇಶವೂ ಕೆಲವು ತಳಿಗಳಿಗೆ ಸಾಕಾಗುತ್ತದೆ. ಝಾಕ್ಸ್‌ಎಫ್‌ನಲ್ಲಿ ಐದು ಶಾಖೆಗಳಿವೆ, ಪ್ರೈಮರ್ ಕೂಡ ಶಾಖೆ ನೋಡಿ ಆರಿಸಬೇಕು.

ತಳನೋಟ

ಎಂಜಲಿನ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಬಿಡಬೇಡಿ. ಮೀಥೇನ್ ಉಣ್ಣುವ ಮೆಥೈಲೋಬ್ಯಾಕ್ಟರ್ ಜೊತೆ ಮೆಥೈಲೋಟೆನೆರಾ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಸುಮ್ಮನೆ ಅಲ್ಲ. ಮೀಥೇನ್ ಮೊದಲು ಮೆಥನಾಲ್ ಆಗುತ್ತದೆ, ಅದರಲ್ಲಿ ಒಂದು ಪಾಲು ಹೊರಗೆ ಸೋರುತ್ತದೆ. ನೆರೆಯ ಜೀವಿ ಇದ್ದಾಗ ಮೀಥೇನ್ ಭಕ್ಷಕ ತನ್ನ ಝಾಕ್ಸ್‌ಎಫ್ ತಗ್ಗಿಸಿ ಮಕ್ಸಾಎಫ್ ಕಡೆಗೆ ವಾಲುತ್ತದೆ, ಆಗ ಸೋರಿಕೆ ಹೆಚ್ಚುತ್ತದೆ ಎಂದು 2017ರ ಸಹಕೃಷಿ (ಎರಡನ್ನೂ ಒಟ್ಟಿಗೆ ಬೆಳೆಸುವ) ಪ್ರಯೋಗಗಳು ಸೂಚಿಸಿದವು. ಕೆಸರಿನಲ್ಲಿ ಮೆಥನಾಲ್‌ಗೆ ಇನ್ನೊಂದು ಮೂಲ ಕೊಳೆಯುವ ಎಲೆಗಳ ಪೆಕ್ಟಿನ್.

ಇನ್ನೊಂದು ಮಾತು: ಆಮ್ಲಜನಕ ಕಡಿಮೆಯಾದರೆ ನೈಟ್ರೇಟ್ ಇದೆಯೇ ಎಂದೂ ನೋಡಿ. ಮೆಥೈಲೋಟೆನೆರಾ ಕುಲದ ಕೆಲವು ಸದಸ್ಯರು, ಹೈಫೋಮೈಕ್ರೋಬಿಯಂ ಎಂಬ ಬೇರೆ ಬ್ಯಾಕ್ಟೀರಿಯಾ ಕೂಡ, ಮೆಥನಾಲ್ ಉಣ್ಣುತ್ತಲೇ ಆಮ್ಲಜನಕದ ಬದಲು ನೈಟ್ರೇಟನ್ನು ಅಪಕರ್ಷಿಸಿ ಉಸಿರಾಡುತ್ತವೆ.

ಕೆಸರುಬಾಟಲಿ

ಇಬ್ಬರಿಗೂ ಧನ್ಯವಾದ. ಹಾಗಾದರೆ ಕೆಸರಿಗೇ ನೇರವಾಗಿ ಇಂಗಾಲ-13 (ಇಂಗಾಲದ ಭಾರವಾದ ರೂಪ) ಇರುವ ಮೆಥನಾಲ್ ಕೊಟ್ಟು, ಭಾರವಾದ ಡಿಎನ್‌ಎ ಬೇರ್ಪಡಿಸಿ, ಉಣ್ಣುವವರು ಯಾರೆಂದು ಪಟ್ಟಿ ಮಾಡಬಹುದಲ್ಲವೇ?

ಹಳೆಯಪಿಪೆಟ್

ಮಾಡಿ, ಆದರೆ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಮೆಥೈಲೋಟೆನೆರಾದ ಬಳಗ ಮೆಥನಾಲ್‌ನಿಂದಾಗುವ ಫಾರ್ಮಾಲ್ಡಿಹೈಡನ್ನು ರೈಬ್ಯುಲೋಸ್ ಮೊನೊಫಾಸ್ಫೇಟ್ ಚಕ್ರಕ್ಕೆ (ಇಂಗಾಲವನ್ನು ಕೋಶದ ಭಾಗವಾಗಿಸುವ ಮಾರ್ಗಕ್ಕೆ) ಸೇರಿಸುತ್ತದೆ. ಅದರ ಇಂಗಾಲ ಬಹುಪಾಲು ಮೆಥನಾಲ್‌ನಿಂದಲೇ ಬರುವುದರಿಂದ ಡಿಎನ್‌ಎ ಚೆನ್ನಾಗಿ ಭಾರವಾಗುತ್ತದೆ. ಸೀರೀನ್ ಚಕ್ರ ಎಂಬ ಇನ್ನೊಂದು ಮಾರ್ಗ ಬಳಸುವ ಹೈಫೋಮೈಕ್ರೋಬಿಯಂ ಒಂದು ಪಾಲನ್ನು ಇಂಗಾಲದ ಡೈಆಕ್ಸೈಡ್‌ನಿಂದ ಪಡೆಯುತ್ತದೆ. ಆ ಅನಿಲ ಸಾಮಾನ್ಯ ಇಂಗಾಲದ್ದಾಗಿದ್ದರೆ ಅದರ ಡಿಎನ್‌ಎ ನಡುವಿನ ಪದರದಲ್ಲೇ ನಿಂತು, ಭಾರದ ಭಾಗವನ್ನಷ್ಟೇ ತೆಗೆದವರ ಕಣ್ಣು ತಪ್ಪಿಸುತ್ತದೆ. ಹಾಗಾಗಿ ಡಿಎನ್‌ಎಯನ್ನು ಸಾಂದ್ರತೆಯಂತೆ ಪದರಗಳಾಗಿ ಬೇರ್ಪಡಿಸುವ ಸೀಸಿಯಂ ಕ್ಲೋರೈಡ್ ಕೊಳವೆಯ ಎಲ್ಲ ಪದರಗಳನ್ನೂ ಅನುಕ್ರಮಿಸಿ. ಸಾಮಾನ್ಯ ಮೆಥನಾಲ್ ಕೊಟ್ಟ ಜೋಡಿ ಬಾಟಲಿ ಇರಲೇಬೇಕು. ಅವಧಿಯನ್ನೂ ಎಳೆಯಬೇಡಿ, ಎಳೆದಷ್ಟೂ ಸತ್ತ ಕೋಶಗಳನ್ನು ತಿಂದವರೂ ಭಾರವಾಗುತ್ತಾರೆ.

ಮೆಥನಾಲನ್ನು ಆಟೊಕ್ಲೇವ್ ಮಾಡಬೇಡಿ (ಒತ್ತಡದ ಹಬೆಯಲ್ಲಿ ಕಾಯಿಸಬೇಡಿ), ಹಾರಿಹೋಗುತ್ತದೆ. ಸೋಸಿ ಶುದ್ಧಗೊಳಿಸಿ ಆಮೇಲೆ ಸೇರಿಸಿ.