ಮನೆಯಲ್ಲಿ ಕಟ್ಟಿದ ವಿಮಾನದ ರೇಡಿಯೊದಲ್ಲಿ ಚಟಪಟ ಸದ್ದು ಮತ್ತು ಶಿಳ್ಳೆ: ಎಲ್ಲಿಂದ ಹುಡುಕಬೇಕು?

ಕೊಪ್ಪಳದ ಶೆಡ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಹೊರಗೆ ನಮ್ಮ ಹೊಲದಲ್ಲಿರುವ ಶೆಡ್‌ನಲ್ಲಿ ನಾಲ್ಕು ವರ್ಷಗಳಿಂದ ಎರಡು ಸೀಟಿನ ಕಿಟ್ ವಿಮಾನವೊಂದನ್ನು ಕಟ್ಟುತ್ತಿದ್ದೇನೆ. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಟ್ಟೆಯ ಹೊದಿಕೆ, ಮೂಗಿನಲ್ಲಿ ರೋಟ್ಯಾಕ್ಸ್ 912 ಎಂಜಿನ್. ಕಾಗದಪತ್ರದ ಕೆಲಸ ಮುಗಿದಿಲ್ಲವಾದ್ದರಿಂದ ಇನ್ನೂ ಹಾರಿಸಿಲ್ಲ. ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಬಾಲವನ್ನು ಕಲ್ಲುಕಂಬಕ್ಕೆ ಕಟ್ಟಿ, ನೆಲದ ಮೇಲೆಯೇ ಎಂಜಿನ್ ಓಡಿಸಿ ನೋಡುತ್ತಿದ್ದೇನೆ.

ಎಂಜಿನ್ ನಿಂತಿರುವಾಗ ರೇಡಿಯೊ ಸ್ವಚ್ಛವಾಗಿ ಕೇಳಿಸುತ್ತದೆ. ಎಂಜಿನ್ ಶುರುವಾದ ಕೂಡಲೇ ಹೆಡ್‌ಸೆಟ್‌ನಲ್ಲಿ ಎರಡು ಬಗೆಯ ಸದ್ದು ಬರುತ್ತದೆ. ಒಂದು, ಹಸಿ ಕಟ್ಟಿಗೆ ಒಲೆಯಲ್ಲಿ ಸಿಡಿದಂಥ ಚಟಪಟ. ಅದು ಎಷ್ಟು ಜೋರೆಂದರೆ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ರೇಡಿಯೊದ ಬಾಯಿ ಮುಚ್ಚಿಸುವ ವ್ಯವಸ್ಥೆ) ತಾನಾಗಿಯೇ ತೆರೆದುಕೊಳ್ಳುತ್ತದೆ. ಇನ್ನೊಂದು ಸಣ್ಣ ಶಿಳ್ಳೆ. ಎಂಜಿನ್ ವೇಗ ಏರಿದಂತೆ ಅದರ ಸ್ವರವೂ ಏರುತ್ತದೆ, ಲ್ಯಾಂಡಿಂಗ್ ಲೈಟ್ ಹಾಕಿದರೆ ಇನ್ನೂ ಜೋರಾಗುತ್ತದೆ.

ಬಳ್ಳಾರಿಯ ಅಂಗಡಿಯೊಂದರಲ್ಲಿ ಹೇಳಿದಂತೆ ಕಾರ್ ಸ್ಟೀರಿಯೊಗೆ ಬಳಸುವ ಫಿಲ್ಟರ್ ತಂದು ರೇಡಿಯೊದ ವಿದ್ಯುತ್ ತಂತಿಗೆ ಹಾಕಿದೆ. ಶಿಳ್ಳೆ ತುಸು ತಗ್ಗಿತು, ಚಟಪಟ ಮಾತ್ರ ಜಗ್ಗಲಿಲ್ಲ. ಸ್ಪಾರ್ಕ್ ಪ್ಲಗ್‌ಗಳನ್ನೂ ಹೊಸದು ಹಾಕಿದ್ದಾಯಿತು. ಶೆಡ್‌ನಿಂದ ಸುಮಾರು 300 ಮೀಟರ್ ದೂರದಲ್ಲಿ ಹೈಟೆನ್ಷನ್ ಲೈನ್ ಹಾದುಹೋಗಿದೆ, ತಪ್ಪು ಅದರದ್ದೇ ಎಂದು ಗೆಳೆಯರೊಬ್ಬರು ಹಟ ಹಿಡಿದಿದ್ದಾರೆ. ತಿಳಿದವರು ದಾರಿ ತೋರಿಸಬೇಕು.

ಬಳ್ಳಾರಿ ನಿವೃತ್ತ ರೇಡಿಯೊ ಮೆಕ್ಯಾನಿಕ್

ದಯವಿಟ್ಟು ಇನ್ನೊಂದು ಫಿಲ್ಟರ್ ಕೊಳ್ಳಬೇಡಿ. ಸದ್ದು ಯಾವ ದಾರಿಯಲ್ಲಿ ಒಳಗೆ ಬರುತ್ತಿದೆ ಎಂಬುದು ಗೊತ್ತಾಗುವ ಮೊದಲು ಹಾಕಿದ ಫಿಲ್ಟರ್, ಯಾವ ಜ್ವರವೆಂದು ನೋಡದೆ ಕೊಟ್ಟ ಮಾತ್ರೆಯಂತೆ. ನಿಮ್ಮ ವಿವರಣೆ ಓದಿದರೆ ಎರಡು ಸದ್ದಿಗೆ ಎರಡು ಬೇರೆ ಕಾರಣಗಳಿರುವಂತೆ ಕಾಣುತ್ತದೆ, ಆದ್ದರಿಂದ ಅವುಗಳನ್ನು ಬೇರೆ ಬೇರೆಯಾಗಿಯೇ ಹಿಡಿಯಬೇಕು.

ಮೊದಲು ರೇಡಿಯೊದ ಹಿಂದಿನಿಂದ ಆಂಟೆನಾದ ಕೇಬಲ್ ಬಿಚ್ಚಿ, ಎಂಜಿನ್ ಓಡಿಸಿ ಕೇಳಿ. ಹೋಗುವ ಸದ್ದು ಆಂಟೆನಾದ ಮೂಲಕ ಗಾಳಿಯಲ್ಲಿ ಬರುತ್ತಿತ್ತು. ಉಳಿಯುವ ಸದ್ದು ತಂತಿಗಳ ಮೂಲಕ ಬರುತ್ತಿದೆ. ಆಂಟೆನಾ ಬಿಚ್ಚಿರುವಾಗ ಮಾತಾಡುವ ಗುಂಡಿಯನ್ನು ತಪ್ಪಿಯೂ ಒತ್ತಬೇಡಿ, ಟ್ರಾನ್ಸ್‌ಮಿಟರ್ ಸುಟ್ಟುಹೋದೀತು. ಆಮೇಲೆ ಯು.ಪಿ.ಎಸ್.ಗೆ ಹಾಕುವ 12 ವೋಲ್ಟ್, 7 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿಯೊಂದನ್ನು ಸೀಟಿನ ಮೇಲಿಟ್ಟುಕೊಂಡು, ರೇಡಿಯೊದ ಪ್ಲಸ್ ಮತ್ತು ಮೈನಸ್ ಎರಡನ್ನೂ ವಿಮಾನದ ವೈರಿಂಗ್‌ನಿಂದ ಬಿಡಿಸಿ ಈ ಬ್ಯಾಟರಿಗೆ ಕೊಡಿ. ಆಗ ಶಿಳ್ಳೆ ಪೂರ್ತಿ ನಿಂತರೆ ಅದು ವಿದ್ಯುತ್ ತಂತಿಯಲ್ಲಿ ಬರುತ್ತಿದೆ ಎಂದಾಯಿತು. ನಿಲ್ಲದಿದ್ದರೆ ಮೈಕ್ ಮತ್ತು ಹೆಡ್‌ಫೋನ್ ಜ್ಯಾಕ್‌ಗಳ ಕಡೆ ತಿರುಗಿ.

ಚಟಪಟದ ಬಗ್ಗೆ ಒಂದು ಮಾತು. ನಿಮ್ಮ ಎಂಜಿನ್‌ನಲ್ಲಿ ಎರಡು ಸ್ವತಂತ್ರ ಇಗ್ನಿಷನ್ (ಪ್ಲಗ್‌ಗಳಿಗೆ ಕಿಡಿ ಕೊಡುವ) ಸರ್ಕ್ಯೂಟ್‌ಗಳಿವೆ, ಅವು ಬ್ಯಾಟರಿಯ ಹಂಗಿಲ್ಲದೆ ತಮ್ಮದೇ ಕಾಯಿಲ್‌ಗಳಿಂದ ಓಡುತ್ತವೆ. ಆರ್.ಪಿ.ಎಂ. 4000ಕ್ಕೆ ಏರಿಸಿ ಒಂದೊಂದೇ ಸರ್ಕ್ಯೂಟ್ ಆರಿಸುವ ಪರೀಕ್ಷೆಯನ್ನು ನೀವು ಹೇಗೂ ಮಾಡುತ್ತೀರಿ. ಆಗ ಟ್ಯಾಕೊಮೀಟರ್ ನೋಡುವುದರ ಜೊತೆಗೆ ಹೆಡ್‌ಸೆಟ್‌ಗೂ ಕಿವಿಗೊಡಿ. ಒಂದು ಬದಿ ಆರಿಸಿದಾಗ ಮಾತ್ರ ಸದ್ದು ಇಳಿದರೆ ಕಳ್ಳ ಆ ಬದಿಯಲ್ಲಿದ್ದಾನೆ. ಪ್ಲಗ್ ಕ್ಯಾಪ್‌ಗಳು ರೆಸಿಸ್ಟರ್ ಇರುವಂಥವೇ, ಎಂಜಿನ್ ನಿಲ್ಲಿಸುವ ಸ್ವಿಚ್‌ಗೆ ಬರುವ ತಂತಿ ಶೀಲ್ಡ್ (ಸದ್ದು ಹೊರಬೀಳದಂತೆ ಸುತ್ತಿದ ಲೋಹದ ಹೆಣಿಗೆ) ಇರುವಂಥದ್ದೇ, ಆ ಶೀಲ್ಡ್ ಎಂಜಿನ್ ತುದಿಯಲ್ಲಿ ನಿಜವಾಗಿಯೂ ಗ್ರೌಂಡ್ ಆಗಿದೆಯೇ, ಅಂದರೆ ಎಂಜಿನ್ ಲೋಹಕ್ಕೆ ಕೂಡಿದೆಯೇ ಎಂದು ಮೀಟರ್ ಹಿಡಿದು ನೋಡಿ.

ಒಂದು ಎಚ್ಚರಿಕೆ: ಯಾವ ತಂತಿ ಬಿಚ್ಚುವುದಿದ್ದರೂ ಎಂಜಿನ್ ನಿಲ್ಲಿಸಿಯೇ ಬಿಚ್ಚಿ. ಸದ್ದಿನ ಬೆನ್ನು ಹತ್ತಿದವನಿಗೆ ಪ್ರೊಪೆಲ್ಲರ್ ಮರೆತುಹೋಗುತ್ತದೆ.

ಶಕ್ತಿನಗರ ಲೈನ್

ರಾಯಚೂರು ಶಾಖೋತ್ಪನ್ನ ಕೇಂದ್ರದ ಪಕ್ಕದಲ್ಲೇ ಬದುಕುವವನಾದ್ದರಿಂದ ಹೈಟೆನ್ಷನ್ ಲೈನ್ ಪರವಾಗಿ ಎರಡು ಮಾತು. ಲೈನ್‌ನಿಂದ ರೇಡಿಯೊ ಸದ್ದು ಬರುವುದು ನಿಜ. ಧೂಳು ಹಿಡಿದ ಇನ್ಸುಲೇಟರ್ ಮೇಲೆ ಬೆಳಗಿನ ಇಬ್ಬನಿ ಬಿದ್ದಾಗ ಅದು ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅದು 100 ಹರ್ಟ್ಸ್‌ನ ಒಂದೇ ಸಮನಾದ ಗುಂಯ್‌ಗುಡುವಿಕೆಯಾಗಿರುತ್ತದೆ, ನಿಮ್ಮ ಎಂಜಿನ್ ಆನ್ ಆಯಿತೋ ಆಫ್ ಆಯಿತೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಥ್ರಾಟಲ್ ಜೊತೆ ಏರಿಳಿಯುವ ಸದ್ದು ವಿಮಾನದ ಒಳಗಿನದೇ. ನಿಮ್ಮ ಗೆಳೆಯರಿಗೆ ಇಷ್ಟು ತಿಳಿಸಿ.

ರಾಯಚೂರು ಹ್ಯಾಮ್ (ಹವ್ಯಾಸಿ ರೇಡಿಯೊ)

ಮೇಲಿನ ಹಿರಿಯರು ಹೇಳಿದ ಕ್ರಮವೇ ಸರಿ. ನಾನು ಆಂಟೆನಾ ಬಗ್ಗೆ ಕೇಳುತ್ತೇನೆ: ಬಟ್ಟೆ ಹೊದಿಸಿದ ವಿಮಾನದಲ್ಲಿ ಅದನ್ನು ಯಾವುದರ ಮೇಲೆ ನಿಲ್ಲಿಸಿದ್ದೀರಿ? ವಿಮಾನದ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್‌ನಲ್ಲಿ. ನಡುವಿನ 125 ಮೆಗಾಹರ್ಟ್ಸ್ ಹಿಡಿದರೆ ತರಂಗದ ಉದ್ದ 2.4 ಮೀಟರ್, ಅದರ ಕಾಲು ಭಾಗ 60 ಸೆಂಟಿಮೀಟರ್, ಲೋಹದ ಕಡ್ಡಿಯಲ್ಲಿ ತುಸು ಕಡಿಮೆ, ಅಂದರೆ ಸುಮಾರು 57. ಆಂಟೆನಾ ಕಡ್ಡಿ ಎಷ್ಟು ಮುಖ್ಯವೋ ಅದರ ಬುಡದ ಲೋಹದ ಹಾಸೂ ಅಷ್ಟೇ ಮುಖ್ಯ. ಹಾಸು ಸಾಲದಿದ್ದರೆ ಕೇಬಲ್‌ನ ಹೊರಮೈಯೇ ಆಂಟೆನಾದ ಉಳಿದರ್ಧವಾಗಿಬಿಡುತ್ತದೆ, ಆಗ ಕೇಬಲ್ ಹಾದುಹೋಗುವ ದಾರಿಯಲ್ಲಿರುವ ಎಲ್ಲ ಕೊಳಕನ್ನೂ ಅದು ಬಾಚಿಕೊಂಡು ಬರುತ್ತದೆ.

ಇನ್ನೊಂದು ವಿಷಯ: ಈ ಬ್ಯಾಂಡ್‌ನಲ್ಲಿ ಇಂದಿಗೂ ಎ.ಎಂ. ಪದ್ಧತಿಯೇ (ತರಂಗದ ಎತ್ತರವನ್ನು ಏರಿಳಿಸಿ ಮಾತು ಕಳಿಸುವುದು) ಇದೆ. ಕಿಡಿಯಿಂದ ಏಳುವ ಸದ್ದು ತರಂಗದ ಎತ್ತರವನ್ನೇ ಕದಡುತ್ತದೆ, ಎ.ಎಂ. ರಿಸೀವರ್ ಓದುವುದೂ ಆ ಎತ್ತರವನ್ನೇ. ಕಾರಿನ ಎಫ್.ಎಂ.ನಲ್ಲಿ ಕೇಳದ ಸದ್ದು ಇಲ್ಲಿ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಇದರಿಂದ ಒಂದು ಅನುಕೂಲವೂ ಉಂಟು. ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಮೀಡಿಯಂ ವೇವ್‌ಗೆ ತಿರುಗಿಸಿ, ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ನಿಂದ ಮುಳ್ಳನ್ನು ತುಸು ಪಕ್ಕಕ್ಕೆ ಸರಿಸಿ ಖಾಲಿ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆರಿಸಿಟ್ಟು, ವಿಮಾನದ ವಿದ್ಯುತ್ ಉಪಕರಣಗಳನ್ನು ಒಂದೊಂದಾಗಿ ಹಾಕುತ್ತಾ ಅದನ್ನು ಪ್ಯಾನೆಲ್ ಹಿಂದಿನ ತಂತಿಗಳ ಗುಂಟ ಆಡಿಸಿ. ಮೊಬೈಲ್ ಚಾರ್ಜರ್, ಎಲ್.ಇ.ಡಿ. ದೀಪಗಳ ಡ್ರೈವರ್ ಇವೆಲ್ಲ ಅಲ್ಲೇ ಬಾಯಿಬಿಡುತ್ತವೆ.

ಪ್ರಸಾರದ ಪರೀಕ್ಷೆಯನ್ನು ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ, ತರಂಗ ಹೊರಬಿಡದ ರೆಸಿಸ್ಟರ್) ಮೇಲೆ ಮಾಡಿ. ನನ್ನ ಹ್ಯಾಮ್ ಪರವಾನಗಿ ವಿಮಾನದ ಬ್ಯಾಂಡ್‌ಗೆ ನಡೆಯುವುದಿಲ್ಲ, ಹೀಗಾಗಿ "ಒಮ್ಮೆ ಮಾತಾಡಿ ನೋಡೋಣ" ಎಂದು ನನ್ನನ್ನು ಕರೆಯುವಂತಿಲ್ಲ!

ಕೊಪ್ಪಳದ ಶೆಡ್

ಎರಡು ಭಾನುವಾರಗಳ ಕೆಲಸದ ನಂತರ ಬರೆಯುತ್ತಿದ್ದೇನೆ. ಆಂಟೆನಾ ಬಿಚ್ಚಿದಾಗ ಚಟಪಟ ಹೆಚ್ಚುಕಡಿಮೆ ಮಾಯವಾಯಿತು, ಶಿಳ್ಳೆ ಹಾಗೆಯೇ ಉಳಿಯಿತು. ಅಲ್ಲಿಗೆ ಎರಡೂ ಬೇರೆ ಎಂಬುದು ಖಚಿತವಾಯಿತು.

ಚಟಪಟ ಮೊದಲು. 4000 ಆರ್.ಪಿ.ಎಂ.ನಲ್ಲಿ ಎರಡನೆಯ ಸರ್ಕ್ಯೂಟ್ ಆರಿಸಿದಾಗ ಸದ್ದು ತಟ್ಟನೆ ಇಳಿಯಿತು, ಮೊದಲನೆಯದನ್ನು ಆರಿಸಿದಾಗ ಏನೂ ಬದಲಾಗಲಿಲ್ಲ. ಆ ಬದಿಯ ಶೀಲ್ಡ್‌ನ ಲಗ್ (ತಂತಿಯ ತುದಿಯ ಲೋಹದ ಬಳೆ) ನೋಡಲು ಅಚ್ಚುಕಟ್ಟಾಗಿತ್ತು, ಬೋಲ್ಟ್ ಬಿಗಿಯಾಗಿತ್ತು. ಆದರೆ ಮೀಟರ್ ಹಿಡಿದರೆ 40 ಓಮ್‌ಗಿಂತ ಹೆಚ್ಚು ತೋರಿಸಿತು. ಬೋಲ್ಟ್ ಬಿಚ್ಚಿ ನೋಡಿದಾಗ ಲಗ್‌ನ ಅಡಿಯಲ್ಲಿ ನಾನೇ ಅಕ್ಕರೆಯಿಂದ ಹೊಡೆದ ಬೂದು ಬಣ್ಣ ಗುಂಡಗೆ, ಒಂದು ಗೀರೂ ಇಲ್ಲದೆ ಕುಳಿತಿತ್ತು. ಉಜ್ಜುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲೆ ಮೀಟರ್ ಸೊನ್ನೆಯ ಹತ್ತಿರಕ್ಕೆ ಬಂತು. ಆಂಟೆನಾ ವಿಷಯದಲ್ಲೂ ತಲೆ ತಗ್ಗಿಸಬೇಕು: ನಾನು ಕೊಟ್ಟಿದ್ದ ಹಾಸು ಊಟದ ತಟ್ಟೆಗಿಂತ ಚಿಕ್ಕದಾದ ಅಲ್ಯುಮಿನಿಯಂ ತುಂಡು. ಈಗ ಅದರಿಂದ ನಾಲ್ಕು ದಿಕ್ಕಿಗೂ 57 ಸೆಂಟಿಮೀಟರ್‌ನ ತಾಮ್ರದ ಪಟ್ಟಿಗಳನ್ನು ಬಟ್ಟೆಯ ಒಳಬದಿಗೆ ಅಂಟಿಸಿ, ಬೆಸುಗೆ ಹಾಕಿ ಕೂಡಿಸಿದ್ದೇನೆ. ಎರಡೂ ಆದ ಮೇಲೆ ಸ್ಕ್ವೆಲ್ಚ್ ಮುಚ್ಚಿಕೊಂಡೇ ಇರುತ್ತದೆ.

ಶಿಳ್ಳೆ ಹೆಚ್ಚು ಆಟವಾಡಿಸಿತು. ಬೇರೆ ಬ್ಯಾಟರಿ ಕೊಟ್ಟರೂ ಅದು ತಗ್ಗಿತೇ ಹೊರತು ನಿಲ್ಲಲಿಲ್ಲ. ಜ್ಯಾಕ್‌ಗಳನ್ನು ಪ್ಯಾನೆಲ್‌ನಿಂದ ಬಿಚ್ಚಿ ಗಾಳಿಯಲ್ಲಿ ಹಿಡಿದಾಗ ಪೂರ್ತಿ ನಿಂತಿತು, ಪ್ಯಾನೆಲ್‌ಗೆ ಮುಟ್ಟಿಸಿದರೆ ಮತ್ತೆ ಶುರು. ಲ್ಯಾಂಡಿಂಗ್ ಲೈಟ್‌ನ ಮೈನಸ್ ತಂತಿಯನ್ನು ನಾನು ಪ್ಯಾನೆಲ್ ಹತ್ತಿರದ ಚೌಕಟ್ಟಿಗೇ ಬಿಗಿದಿದ್ದೆ. ಆ ಕರೆಂಟ್ ಚೌಕಟ್ಟಿನ ಮೂಲಕ ಹರಿಯುವಾಗ ಏಳುವ ಕೆಲವೇ ಮಿಲಿವೋಲ್ಟ್ ಜ್ಯಾಕ್‌ನ ಮೈಯಿಂದ ನೇರ ಹೆಡ್‌ಸೆಟ್‌ಗೆ ಸೇರುತ್ತಿತ್ತು. ಈಗ ಎರಡೂ ಜ್ಯಾಕ್‌ಗಳಿಗೆ ಫೈಬರ್ ವಾಷರ್ ಹಾಕಿ ಪ್ಯಾನೆಲ್‌ನಿಂದ ಬೇರ್ಪಡಿಸಿದ್ದೇನೆ, ಮೈಕ್ ತಂತಿಯ ಶೀಲ್ಡನ್ನು ರೇಡಿಯೊ ತುದಿಯಲ್ಲಿ ಮಾತ್ರ ಕೂಡಿಸಿದ್ದೇನೆ, ಲೈಟ್‌ನ ಮೈನಸ್ ಬ್ಯಾಟರಿವರೆಗೆ ತನ್ನದೇ ತಂತಿಯಲ್ಲಿ ಹೋಗುತ್ತದೆ.

ಆದರೂ ವಿಮಾನದ ಬ್ಯಾಟರಿಗೆ ಮರಳಿದಾಗ ಒಂದು ಎಳೆ ಶಿಳ್ಳೆ ಉಳಿದಿತ್ತು. ಎಂಜಿನ್ ಕೈಪಿಡಿಯನ್ನು ಮತ್ತೆ ತೆರೆದರೆ, ರೆಗ್ಯುಲೇಟರ್‌ನ (ಎಂಜಿನ್ ಹುಟ್ಟಿಸುವ ಕರೆಂಟನ್ನು ಹದಮಾಡುವ ಉಪಕರಣ) ಹೊರತುದಿಗೆ, ಕರೆಂಟಿನ ಏರಿಳಿತ ಸಮಮಾಡಲು 22,000 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಇರಬೇಕೆಂದು ಸ್ಪಷ್ಟವಾಗಿ ಬರೆದಿದೆ. ನಾನದನ್ನು "ಆಮೇಲೆ ಹಾಕಿದರಾಯಿತು" ಎಂದು ಡಬ್ಬಿಯಲ್ಲೇ ಬಿಟ್ಟಿದ್ದೆ. ಹಾಕಿದೆ, ನಿಂತಿತು. ಕಾರ್ ಸ್ಟೀರಿಯೊ ಫಿಲ್ಟರ್ ತೆಗೆದುಹಾಕಿದೆ, ಯಾವ ವ್ಯತ್ಯಾಸವೂ ಇಲ್ಲ. ಮೊಬೈಲ್ ಚಾರ್ಜರ್ ಚುಚ್ಚಿದರೆ ಒಂದೆರಡು ಫ್ರೀಕ್ವೆನ್ಸಿಗಳಲ್ಲಿ ಸಣ್ಣ ಸುಂಯ್ ಸದ್ದು ಬರುತ್ತದೆ, ಟ್ರಾನ್ಸಿಸ್ಟರ್ ಅದನ್ನು ಮೊದಲೇ ಹಿಡಿದುಕೊಟ್ಟಿತ್ತು. ಚಾರ್ಜರನ್ನೇ ವಿಮಾನದಿಂದ ಇಳಿಸಿದ್ದೇನೆ.

ಬಳ್ಳಾರಿ ನಿವೃತ್ತ ರೇಡಿಯೊ ಮೆಕ್ಯಾನಿಕ್

ಸಂತೋಷ. ಕೆಪ್ಯಾಸಿಟರನ್ನು ಎಲ್ಲಿ ಕೂರಿಸಿದ್ದೀರಿ ಎಂದು ಬರೆದಿಲ್ಲ. ಎಂಜಿನ್ ಕೋಣೆಯಲ್ಲಿದ್ದರೆ ಒಳಗೆ ತನ್ನಿ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಎಂಜಿನ್ ಕಾವೂ ಸೇರಿದರೆ ಅದು ಬೇಗ ಒಣಗುತ್ತದೆ. 105 ಡಿಗ್ರಿ ಎಂದು ಮೇಲೆ ಅಚ್ಚಾಗಿರುವುದನ್ನೇ ಬಳಸಿ, ಪ್ಲಸ್-ಮೈನಸ್ ಇನ್ನೊಮ್ಮೆ ನೋಡಿ, ಏಕೆಂದರೆ ತಿರುಗುಮುರುಗಾದರೆ ಸಿಡಿಯುತ್ತದೆ. ಅದರ ಭಾರ ಕಾಲುಗಳ ಮೇಲೆ ಬೀಳದಂತೆ ಮೈಗೆ ಪಟ್ಟಿ ಹಾಕಿ ಬಿಗಿಯಿರಿ. ಅಲುಗಾಟಕ್ಕೆ ಮೊದಲು ಮುರಿಯುವುದು ಕಾಲೇ. ರೆಗ್ಯುಲೇಟರ್‌ನ ಮೈ ಕೂಡ ಬಣ್ಣದ ಮೇಲೆ ಕುಳಿತಿದೆಯೇ ನೋಡಿ. ಒಂದು ಲಗ್ ಅಡಿಯಲ್ಲಿ ಬಣ್ಣ ಬಿಟ್ಟವರು ಎರಡನೆಯದರ ಅಡಿಯಲ್ಲೂ ಬಿಟ್ಟಿರುತ್ತೀರಿ.

ಕೊಪ್ಪಳದ ಶೆಡ್

ಈಗಷ್ಟೇ ಬಿಚ್ಚಿ ನೋಡಿದೆ ಸರ್. ಬಿಟ್ಟಿದ್ದೇನೆ.