ಪದಚರ್ಚೆ: ‘ವೋಲ್ಟೇಜ್ ಡ್ರಾಪ್’ – ಕುಸಿತವೋ, ಇಳಿತವೋ?

ಪ್ರಶ್ನೆ:
ಹವ್ಯಾಸಿಗಳ ಸರ್ಕ್ಯೂಟ್ ಕಿಟ್ ಒಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, ಅದರೊಂದಿಗೆ ಸರಣಿಯಲ್ಲಿ (ಒಂದರ ಹಿಂದೊಂದಾಗಿ) 470 ಓಮ್ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ. ಸದ್ಯ ಬರೆದಿರುವುದು: “ನಿರೋಧಕವು ವೋಲ್ಟೇಜ್ ಕುಸಿತ ಉಂಟುಮಾಡಿ, ತನ್ನ ಮುಂದಿರುವ ಎಲ್‌ಇಡಿಗೆ ಕಡಿಮೆ ಕರೆಂಟ್ ಕಳುಹಿಸುತ್ತದೆ.” ಕುಸಿತ, ಇಳಿತ, ಪಾತ – ಯಾವುದು ಸರಿ?

ಮರು:
ಮೊದಲು ‘ನಿರೋಧಕ’ ತೆಗೆಯಿರಿ. ನಮ್ಮದೇ ‘ತಡೆ’ ಇರುವಾಗ ಸಂಸ್ಕೃತದ ‘ರುಧ್’ ಧಾತುವಿನ ಬೆನ್ನು ಹತ್ತುವುದೇಕೆ? ತಮಿಳಿನಲ್ಲಿ ‘ಮಿನ್‌ತಡೈ’ ಎನ್ನುತ್ತಾರೆ, ಯಾರಿಗೂ ತೊಡಕಾಗಿಲ್ಲ. ರೆಸಿಸ್ಟೆನ್ಸ್‌ಗೆ ‘ತಡೆತ’, ರೆಸಿಸ್ಟರ್‌ಗೆ ‘ತಡೆಕ’.

ಮರು:
‘ತಡೆಕ’ ಯಾರ ಬಾಯಲ್ಲೂ ಇಲ್ಲ. ಪಠ್ಯದಲ್ಲಿ ರೋಧಕ, ಸಾಲ್ಡರಿಂಗ್ ಮಾಡುವವರಲ್ಲಿ ರೆಸಿಸ್ಟರ್. ಎರಡರಲ್ಲೊಂದು ಹಾಕಿ ಮುಂದೆ ಹೋಗಿ. ‘ನಿರೋಧಕ’ ಬೇಡವೆಂಬುದನ್ನು ಮಾತ್ರ ಒಪ್ಪುತ್ತೇನೆ. ‘ಜಲನಿರೋಧಕ’ದಂತೆ ಪೂರ್ತಿ ಒಳಬಿಡದ್ದು ಎಂಬ ಅರ್ಥ ಅಂಟಿಕೊಂಡಿದೆ, ರೆಸಿಸ್ಟರ್ ಹಾಗಲ್ಲ.

ಇನ್ನು ‘ಕುಸಿತ’. ಬ್ಯಾಟರಿ ಸೋತು ಅದರ ವೋಲ್ಟೇಜ್ ಬಿದ್ದರೆ ಅದು ಕುಸಿತ. ರೆಸಿಸ್ಟರಿನ ಎರಡು ತುದಿಗಳ ನಡುವೆ ಆಗುವುದು ಇಳಿತ. ಅಲ್ಲಿ ಏನೂ ಕೆಟ್ಟಿಲ್ಲ, ಆಗಬೇಕಾದ್ದೇ ಆಗಿದೆ.

ಆದರೆ ಪದಕ್ಕಿಂತ ನಿಮ್ಮ ವಾಕ್ಯವೇ ತಪ್ಪು. ‘ಮುಂದಿರುವ ಎಲ್‌ಇಡಿಗೆ’ ಎಂದರೆ ರೆಸಿಸ್ಟರಿಗೆ ಮುಂಚೆ ಕರೆಂಟ್ ಹೆಚ್ಚು, ದಾಟಿದ ಮೇಲೆ ಕಡಿಮೆ ಎಂದಾಗುತ್ತದೆ. ಸರಣಿಯಲ್ಲಿ ಎಲ್ಲೆಡೆ ಒಂದೇ ಕರೆಂಟ್. ರೆಸಿಸ್ಟರನ್ನು ಎಲ್‌ಇಡಿಯ ಯಾವ ಕಡೆಗಾದರೂ ಹಾಕಿ, ವ್ಯತ್ಯಾಸವಿಲ್ಲ. ಕೆಂಪು ಎಲ್‌ಇಡಿ ತನ್ನ ಪಾಲಿಗೆ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ಮಿಕ್ಕ 7 ವೋಲ್ಟ್ ರೆಸಿಸ್ಟರಿನ ಮೇಲೆ. 7 ಭಾಗಿಸು 470, ಹೆಚ್ಚುಕಡಿಮೆ 15 ಮಿಲಿಆಂಪಿಯರ್. ಹಳದಿ–ನೇರಳೆ–ಕಂದು ಬಣ್ಣದ ಪಟ್ಟಿಗಳಿರುವ ಆ 470 ಓಮ್ ರೆಸಿಸ್ಟರನ್ನು ತೆಗೆದು ಕಂದು–ಕಪ್ಪು–ಕೆಂಪು, ಅಂದರೆ 1000 ಓಮ್ ಹಾಕಿದರೆ ಸುಮಾರು 7 ಮಿಲಿಆಂಪಿಯರ್, ಬೆಳಕು ಮಂಕು. ಆದರೂ ಇಳಿತ ಮಾತ್ರ ಹತ್ತಿರಹತ್ತಿರ 7 ವೋಲ್ಟೇ! ಕಲಿಯುವವರು ಎಡವುವುದೇ ಇಲ್ಲಿ. ಕರೆಂಟ್ ಹರಿಯುತ್ತದೆ, ವೋಲ್ಟೇಜ್ ಹರಿಯುವುದಿಲ್ಲ. ಅದು ಎರಡು ಬಿಂದುಗಳ ನಡುವಿನ ವ್ಯತ್ಯಾಸ. ಆದ್ದರಿಂದ ಕರೆಂಟಿಗೆ ‘ಮೂಲಕ’, ವೋಲ್ಟೇಜಿಗೆ ‘ನಡುವೆ’. ಕೈಪಿಡಿಯುದ್ದಕ್ಕೂ ಈ ಎರಡನ್ನು ಕಾಪಾಡಿ.

ಮರು:
ವೋಲ್ಟೇಜ್, ಕರೆಂಟ್, ಬ್ಯಾಟರಿ, ರೆಸಿಸ್ಟರ್. ವಾಕ್ಯದಲ್ಲಿ ಕನ್ನಡಕ್ಕೆ ಉಳಿದದ್ದು ವಿಭಕ್ತಿ ಪ್ರತ್ಯಯ ಮಾತ್ರ. ಬಾಯಲ್ಲಿಲ್ಲ ಎಂದು ಹೊಸ ಪದವನ್ನು ಬಿಡುತ್ತ ಹೋದರೆ ಅದು ಬಾಯಿಗೆ ಬರುವುದು ಯಾವಾಗ?

ಮರು:
ಆ ಪ್ರತ್ಯಯದಲ್ಲೇ ಅರ್ಥ ನಿಂತಿದೆ, ಸ್ವಾಮಿ. ‘ರೆಸಿಸ್ಟರಿನ ಮೂಲಕ’ ಬೇರೆ, ‘ರೆಸಿಸ್ಟರಿನ ತುದಿಗಳ ನಡುವೆ’ ಬೇರೆ. ‘ತಡೆಕ’ ಎಂದು ಬರೆದು ‘ವೋಲ್ಟೇಜ್ ಹರಿಯುತ್ತದೆ’ ಎಂದರೆ ಓದುವ ಹುಡುಗನಿಗೆ ಏನು ಸಿಕ್ಕಿತು?

ಪ್ರಶ್ನಿಸಿದವರು:
ಇಬ್ಬರಿಗೂ ವಂದನೆ. ಹೀಗೆ ತಿದ್ದಿದೆ: “ರೆಸಿಸ್ಟರ್ (ರೋಧಕ) ಇಡೀ ಸರ್ಕ್ಯೂಟಿನ ಕರೆಂಟನ್ನು ಮಿತಿಯಲ್ಲಿಡುತ್ತದೆ, ಅದರ ತುದಿಗಳ ನಡುವೆ ಸುಮಾರು 7 ವೋಲ್ಟ್ ಇಳಿತವಾಗುತ್ತದೆ.” ಮುಂದಿನ ಪುಟದಲ್ಲಿ ‘ವೋಲ್ಟೇಜ್ ಡಿವೈಡರ್’ (ಸರಣಿಯಲ್ಲಿರುವ ಎರಡು ರೆಸಿಸ್ಟರ್‌ಗಳಿಗೆ ಬ್ಯಾಟರಿಯ ವೋಲ್ಟೇಜನ್ನು ಹಂಚುವ ಜೋಡಣೆ) ಇದೆ. ‘ವಿಭಾಜಕ’ ನಡೆಯುತ್ತದೆಯೇ?

ಮರು:
ನಡೆಯುತ್ತದೆ. ಆದರೆ ಎರಡು ಸಮ ರೆಸಿಸ್ಟರ್‌ಗಳ ನಡುವಿನಿಂದ ಸಿಗುವ 4.5 ವೋಲ್ಟ್‌ಗೆ ಮೋಟಾರ್ ಜೋಡಿಸಿದರೆ ಅದು 4.5 ಆಗಿ ಉಳಿಯುವುದಿಲ್ಲವೆಂದು ಪಕ್ಕದಲ್ಲೇ ಬರೆಯಿರಿ. ‘ಕುಸಿತ’ ಅಲ್ಲಿ ಬಳಸಿ.