‘ಅಣೆ’, ‘ಅಣೆಕಟ್ಟು’, ‘ಪಿಕಪ್ಪು’: ನೀರು ಮೇಲೆ ಹರಿಯಲೆಂದೇ ಕಟ್ಟಿದ ಕಟ್ಟೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕೊರಟಗೆರೆ ಕಡೆಯ ರೈತರಿಗೆ ಕೊಡಲು ಒಂದು ಹಾಳೆ ಬರೆಯುತ್ತಿದ್ದೇನೆ. ಹೊಳೆಗೆ ಅಡ್ಡಲಾಗಿ ಕಟ್ಟಿರುವ ಹಳೆಯ ಕಲ್ಲಿನ ಕಟ್ಟೆಯನ್ನು ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ ಹೇಗೆ ನೋಡಿಕೊಳ್ಳಬೇಕು ಅನ್ನೋದು ಅದರ ವಿಷಯ. ಮೊದಲ ಸಾಲಿನಲ್ಲೇ ನಿಂತುಬಿಟ್ಟಿದೆ. ಆ ಕಟ್ಟೆಯನ್ನು ಏನಂತ ಕರೆಯಬೇಕು?

ಇದು ನೀರು ಕೂಡಿಡುವ ಕಟ್ಟೆಯಲ್ಲ. ಒಂದಾಳು ಎತ್ತರ, ಜಾಸ್ತಿ ಅಂದರೆ ಎರಡಾಳು. ಹೊಳೆ ನೀರನ್ನು ಸ್ವಲ್ಪ ಎತ್ತಿ ಪಕ್ಕದ ಕಾಲುವೆಗೆ ತಿರುಗಿಸುತ್ತದೆ. ಕಾಲುವೆ ಮುಂದಿನ ಕೆರೆಗೋ ಗದ್ದೆ ಬಯಲಿಗೋ ಹೋಗುತ್ತದೆ. ಮಿಕ್ಕ ನೀರು ಕಟ್ಟೆಯ ಮೇಲೆ ಹರಿದು ತನ್ನ ದಾರಿ ಹಿಡಿಯುತ್ತದೆ. ಜಯಮಂಗಲಿ, ಉತ್ತರ ಪಿನಾಕಿನಿಯಂಥ ಹೊಳೆಗಳಲ್ಲಿ ವರ್ಷದಲ್ಲಿ ಎಷ್ಟೋ ತಿಂಗಳು ಕಾಣೋದು ಬರೀ ಮರಳು. ನೀರು ಬಂದ ನಾಲ್ಕು ದಿನದಲ್ಲಿ ಅದನ್ನು ಹಿಡಿದು ತಿರುಗಿಸಿಕೊಳ್ಳಬೇಕು. ಹಳಬರು ಕಂಡುಕೊಂಡ ದಾರಿ ಇದು.

ಊರಿನ ಹಿರಿಯರು ಇದನ್ನು ‘ಅಣೆ’ ಅಂತಾರೆ, ಅಷ್ಟೇ. ನಡುವಯಸ್ಸಿನವರು ‘ಪಿಕಪ್ಪು’ ಅಂತಾರೆ. ಹುಡುಗರಿಗೆ ಎಲ್ಲವೂ ‘ಚೆಕ್ ಡ್ಯಾಂ’. ಕಾಗದಪತ್ರದಲ್ಲಿ, ಪೇಪರಿನಲ್ಲಿ ಮಾತ್ರ ‘ಅಣೆಕಟ್ಟು’. ನನಗೆ ತೊಂದರೆ ಈ ಕೊನೆಯ ಪದದ್ದು.

2022ರ ಮಳೆಯಲ್ಲಿ ಹೊಳೆ ಎರಡೂ ದಡ ಮುಟ್ಟಿ ಬಂತು. ರಾತ್ರಿ ಎಲ್ಲರ ಮೊಬೈಲಿಗೂ ಒಂದು ಮೆಸೇಜು: ‘ಅಣೆಕಟ್ಟು ತುಂಬಿ ಮೇಲೆ ನೀರು ಹರಿಯುತ್ತಿದೆ, ಅಪಾಯ, ಎಚ್ಚರ.’ ತುಮಕೂರಿನಲ್ಲಿದ್ದ ನಮ್ಮ ಅತ್ತಿಗೆ ಗಾಬರಿಯಿಂದ ಫೋನ್ ಮಾಡಿದರು. ಹೊಳೆಯಿಂದ ಒಂದು ಮೈಲಿ ದೂರದ, ದಿಣ್ಣೆ ಮೇಲಿನ ಮನೆಯವರೂ ದನ ಬಿಚ್ಚಿಕೊಂಡು ಹೊರಟರು. ಬೆಳಿಗ್ಗೆ ಅಣೆ ಹತ್ತಿರ ಹೋದಾಗ ನೀರುಗಂಟಿ (ಗದ್ದೆಗಳಿಗೆ ನೀರು ಬಿಡುವ) ತಾತ ಕಂಬಳಿ ಹೊದ್ದು ಅಲ್ಲೇ ಕೂತಿದ್ದರು. ‘ರಾತ್ರಿ ಭಯ ಆಗಲಿಲ್ವಾ ತಾತ?’ ಅಂದೆ. ‘ಅಣೆ ಇರೋದೇ ಮೇಲೆ ನೀರು ಹೋಗ್ಲಿ ಅಂತ ಕಣಪ್ಪ. ಅಡೀಲಿ ಹೋದ್ರೆ ಹೇಳು, ಎದ್ದು ಓಡ್ತೀನಿ’ ಅಂದರು.

ಆ ಮಾತು ಇನ್ನೂ ಕಿವಿಯಲ್ಲಿದೆ. ಕೆರೆ ಏರಿಯ ಮೇಲೆ ನೀರು ಹತ್ತಿತು ಅಂದರೆ ಕೆರೆ ಕೆಟ್ಟಿತು ಅಂತಲೇ ಅರ್ಥ. ಮಣ್ಣಿನ ಏರಿ ನೋಡನೋಡುತ್ತಲೇ ಒಡೆದು ಹೋಗಬಹುದು. ಅದಕ್ಕೇ ಅಲ್ವಾ ಕೆರೆಗೆ ಒಂದು ಪಕ್ಕದಲ್ಲಿ ಕೋಡಿ ಬಿಡೋದು? ಅಣೆಗೆ ಬೇರೆ ಕೋಡಿ ಇಲ್ಲ, ಅದರ ಇಡೀ ನೆತ್ತಿಯೇ ಕೋಡಿ. ಒಂದಕ್ಕೆ ಸಾವಿನ ಗುರುತಾದದ್ದು ಇನ್ನೊಂದಕ್ಕೆ ದಿನದ ಕೆಲಸ. ನೀರು ಕೂಡಿಡುವ ಕಟ್ಟೆಗೂ ಅಣೆಗೂ ‘ಅಣೆಕಟ್ಟು’ ಅಂತ ಒಂದೇ ಹೆಸರು ಕೊಟ್ಟರೆ ಜನ ಹೆದರಬಾರದ ಕಡೆ ಹೆದರುತ್ತಾರೆ, ಹೆದರಬೇಕಾದ ಕಡೆ ಸುಮ್ನೆ ಇರುತ್ತಾರೆ. ಪದದ ಪ್ರಶ್ನೆಯನ್ನು ನಿಮ್ಮ ಮುಂದೆ ತಂದಿರುವುದು ಇದಕ್ಕೇ.

ಪದದ ಹಾದಿ ನೋಡಿ. ‘ಅಣೆ’ ಅಂದರೇ ತಡೆ, ಒಡ್ಡು. ತಮಿಳಿನ ‘ಅಣೈ’ ಇದರದೇ ಒಡಹುಟ್ಟು. ತಂಜಾವೂರು ಸೀಮೆಗೆ ಕಾವೇರಿ ನೀರನ್ನು ಹಂಚುವ ‘ಕಲ್ಲಣೈ’ ಹೆಸರಿನಲ್ಲಿರೋದೂ ಅದೇ. ಇಂಗ್ಲಿಷರು ‘ಅಣೈಕ್ಕಟ್ಟು’ ಅನ್ನೋದನ್ನು ‘ಅನಿಕಟ್’ ಮಾಡಿಕೊಂಡರು. ಅವರ ಎಂಜಿನಿಯರುಗಳಿಗೆ ಅನಿಕಟ್ ಅಂದರೆ ಹೊಳೆ ನೀರು ತಿರುಗಿಸುವ, ಮೇಲೆ ಹರಿಯಬಿಡುವ ಕಟ್ಟೆ. ನೀರು ಕೂಡಿಡುವ ದೊಡ್ಡ ಕಟ್ಟೆಗೆ ಅವರಲ್ಲಿ ಬೇರೆ ಪದ ಇತ್ತು. ಆ ‘ಅನಿಕಟ್’ ಅಲ್ಲಿಂದ ರಾಜಸ್ಥಾನದವರೆಗೂ ಹೋಗಿದೆ. ಅಲ್ಲಿನ ಹಳ್ಳಿಗಳಲ್ಲಿ ಸಣ್ಣ ಕಟ್ಟೆಗೆ ಇವತ್ತಿಗೂ ‘ಎನಿಕಟ್’ ಅಂತಾರೆ. ಪದ ಹುಟ್ಟಿದ ನಮ್ಮ ಕಡೆ ಮಾತ್ರ ‘ಅಣೆಕಟ್ಟು’ ಬೆಳೆದು ಬೆಳೆದು ಆಲಮಟ್ಟಿ, ಲಿಂಗನಮಕ್ಕಿಯಷ್ಟು ದೊಡ್ಡದಾಗಿದೆ.

ಹಳಬರ ಮಾತಿನಲ್ಲಿ ಹೀಗಿರಲಿಲ್ಲ ಅನ್ನಿಸುತ್ತದೆ. ಮಂಡ್ಯ ಕಡೆ ಕೃಷ್ಣರಾಜಸಾಗರಕ್ಕೆ ಈಗಲೂ ‘ಕನ್ನಂಬಾಡಿ ಕಟ್ಟೆ’ ಅಂತಾರೆ. ಅಂದರೆ ಅಷ್ಟು ದೊಡ್ಡದು ‘ಕಟ್ಟೆ’. ತಲಕಾಡಿನ ಹತ್ತಿರ ನೀರು ತಿರುಗಿಸಲು ಕಾವೇರಿಗೆ ಕಟ್ಟಿದ್ದು ‘ಮಾಧವಮಂತ್ರಿ ಅಣೆಕಟ್ಟು’. ಅಲ್ಲಿ ಪದ ತನ್ನ ಹಳೆಯ ಅರ್ಥದಲ್ಲೇ ಉಳಿದಿದೆ. ಕರಾವಳಿಯ ‘ಕಿಂಡಿ ಅಣೆಕಟ್ಟು’ ಕೂಡ ಸಣ್ಣದೇ. ಮಳೆ ಮುಗಿದ ಮೇಲೆ ಕಿಂಡಿಗೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರು ಜಿಲ್ಲೆಗಳಿಗೆ ಈ ವ್ಯತ್ಯಾಸ ಬರೀ ನಿಘಂಟಿನ ಮಾತಲ್ಲ. 1892ರಲ್ಲಿ ಮೈಸೂರಿಗೂ ಮದ್ರಾಸಿಗೂ ಒಪ್ಪಂದ ಆಯಿತು. ಮೇಲಿನ ಮೈಸೂರು ಕೆಳಗಿನ ಮದ್ರಾಸಿನ ಒಪ್ಪಿಗೆ ಇಲ್ಲದೆ ಹೊಸ ನೀರಾವರಿ ಕಟ್ಟೆ ಕಟ್ಟಬಾರದು ಅಂತ ಅದರಲ್ಲಿ 15 ಮುಖ್ಯ ನದಿಗಳ ಪಟ್ಟಿ ಇದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಐದೂ ಆ ಪಟ್ಟಿಯಲ್ಲಿವೆ. ಆ ಒಪ್ಪಂದದಲ್ಲಿ ‘ರಿಸರ್ವಾಯರ್’ ಬೇರೆ, ‘ಅನಿಕಟ್’ ಬೇರೆ. ಎರಡನ್ನೂ ಕನ್ನಡದಲ್ಲಿ ‘ಅಣೆಕಟ್ಟು’ ಅಂತ ಬರೆದರೆ ಯಾವ ಮಾತು ಯಾವುದಕ್ಕೆ ಅನ್ನೋದೇ ಕಳೆದುಹೋಗುತ್ತದೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇನ್ನೊಂದು ತೊಡಕು. ಅದು ನೀರು ಕೂಡಿಡುವ ಕಟ್ಟೆಯನ್ನೂ ತಿರುಗಿಸುವ ಕಟ್ಟೆಯನ್ನೂ ಒಂದೇ ಹೆಸರಿನಡಿ ತರುತ್ತದೆ. ಆದರೆ ಕಡ್ಡಾಯ ತಪಾಸಣೆ 15 ಮೀಟರ್‌ಗಿಂತ ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರ್ ಇದ್ದರೆ ಉದ್ದ, ನೀರಿನ ಪ್ರಮಾಣದಂಥ ಷರತ್ತು ನೋಡುತ್ತಾರೆ. ನಮ್ಮ ಎರಡಾಳು ಎತ್ತರದ ಅಣೆ ಹೆಸರಿಗೆ ಅಣೆಕಟ್ಟು, ತಪಾಸಣೆ ಹೊತ್ತಿಗೆ ಲೆಕ್ಕಕ್ಕಿಲ್ಲ. ಅದನ್ನು ನೋಡಿಕೊಳ್ಳುವ ಕಣ್ಣು ಊರಿನವರದೇ ಆಗಬೇಕು. ಹಾಗಾಗಿ ಹಾಳೆಯಲ್ಲಿ ಬರುವ ಪ್ರತಿ ಪದವೂ ಊರಿನವರಿಗೆ ತಟ್ಟನೆ ತಿಳಿಯಬೇಕು.

ಅಣೆ ಕೆಡುವ ಬಗೆಗಳಿಗೂ ಪದ ಹುಡುಕುತ್ತಿದ್ದೇನೆ. ಮೊದಲನೆಯದು ಅಡಿಯಿಂದ ನುಗ್ಗುವ ನೀರು. ಗಂಗಾನದಿಯ ನರೋರಾ ಕಟ್ಟೆ 1898ರಲ್ಲಿ ಕೆಟ್ಟಿದ್ದು ಹೀಗೇ, ತಳದಲ್ಲಿ ನುಗ್ಗಿದ ನೀರಿನ ಒತ್ತಡಕ್ಕೆ. ಎಂಜಿನಿಯರುಗಳ ‘ಪೈಪಿಂಗ್’ ಅನ್ನೋ ಪದವನ್ನು ನೋಡಿಕೊಂಡು ನಾನು ‘ಕೊಳವೆ ಕೊರೆತ’ ಅಂತ ಬರೆದಿದ್ದೆ. ಓದಿದ ರೈತರೊಬ್ಬರು ‘ಯಾವ ಪೈಪಿನ ವಿಷಯ?’ ಅಂದರು. ಆ ಪದವನ್ನು ಹೊಡೆದು ಹಾಕಿದೆ. ನೀರುಗಂಟಿ ತಾತನನ್ನೇ ಕೇಳೋಣ ಅಂತ ಹೋದೆ.

ತಾತ ನನ್ನನ್ನು ಅಣೆಯ ಕೆಳಗೆ ಕರೆದುಕೊಂಡು ಹೋದರು. ಹಾಸುಗಲ್ಲಿನ ಸಂದಿಯಲ್ಲಿ ಬೆರಳು ಗಾತ್ರ ನೀರು ಬರುತ್ತಿತ್ತು. ಚಹಾ ತಂದಿದ್ದ ಸ್ಟೀಲ್ ಲೋಟ ತೊಳೆದು, ಅದರಲ್ಲಿ ಆ ನೀರು ಹಿಡಿದು ಕಲ್ಲಿನ ಮೇಲಿಟ್ಟರು. ಬೀಡಿ ಹಚ್ಚಿ ಕೂತರು. ಬೀಡಿ ಮುಗಿದ ಮೇಲೆ ಮೇಲಿನ ನೀರು ಮೆಲ್ಲಗೆ ಚೆಲ್ಲಿ ತಳ ತೋರಿಸಿದರು. ಏನೂ ಇರಲಿಲ್ಲ. ‘ಇದು ಊಟೆ. ಇರ್ಲಿ ಬಿಡು. ತಳದಲ್ಲಿ ಕೆಂಪು ಗಸಿ ನಿಂತ್ರೆ ಅದು ಮಣ್ಣು ತಿನ್ನೋ ನೀರು. ಅವತ್ತೇ ಹೇಳ್ಬೇಕು.’ ಜಿನುಗು ನೀರು ತಿಳಿಯಾಗಿದೆಯೋ ಬಗ್ಗಡವೋ ನೋಡಿ ಅಂತ ದೊಡ್ಡ ಡ್ಯಾಮುಗಳ ಕೈಪಿಡಿಗಳೂ ಹೇಳುತ್ತವೆ. ‘ಸೋರಿಕೆ’ ಅನ್ನುವ ಒಂದೇ ಪದದಲ್ಲಿ ಈ ಎರಡೂ ಮುಚ್ಚಿಹೋಗುತ್ತವೆ. ಹಾಳೆಯಲ್ಲಿ ‘ಊಟೆ’, ‘ಮಣ್ಣು ತಿನ್ನೋ ನೀರು’ ಎರಡನ್ನೂ ಹಾಗೇ ಇಡಬೇಕು ಅಂತಿದ್ದೇನೆ. ಈ ಮಣ್ಣು ತಿನ್ನೋ ನೀರಿಗೆ ನಿಮ್ಮ ಕಡೆ ಒಂದೇ ಮಾತಿನ ಪದ ಇದೆಯಾ?

ಇನ್ನೊಂದು, ಮೇಲಿಂದ ಬೀಳುವ ನೀರು ಬುಡದಲ್ಲಿ ಗುಂಡಿ ತೋಡೋದು. ಕೆಳಗಡೆ ಮರಳು ತೆಗೆದ ಕಡೆ ಇದು ಜಾಸ್ತಿ. ಹೊಳೆಯ ಪಾತ್ರ ಇಳಿದಷ್ಟೂ ನೀರು ಬೀಳುವ ಎತ್ತರ ಏರುತ್ತದೆ, ಹಾಸುಗಲ್ಲು ಕಿತ್ತು ಬರುತ್ತದೆ, ಪಾಯ ಬಯಲಾಗುತ್ತದೆ. ಇದಕ್ಕೆ ‘ಬುಡ ಕೊರೆತ’ ಸಾಕು ಅನ್ನಿಸಿದೆ.

ಮೂರನೆಯದಕ್ಕೆ ಪದವೇ ಸಿಕ್ಕಿಲ್ಲ. ಅಣೆ ಗಟ್ಟಿಯಾಗೇ ನಿಂತಿರುತ್ತದೆ, ಹೊಳೆ ಮಾತ್ರ ಪಕ್ಕದ ದಡ ಕಿತ್ತುಕೊಂಡು ಅಣೆಯನ್ನು ಬಳಸಿ ಹೊಸ ದಾರಿಯಲ್ಲಿ ಹೋಗುತ್ತದೆ. ಮಾರನೇ ದಿನ ನೋಡಿದರೆ ಕಲ್ಲುಕಟ್ಟೆ ಒಣಗಿ ನಿಂತಿರುತ್ತದೆ, ಕಾಲುವೆಗೆ ಹನಿ ನೀರಿಲ್ಲ. ‘ಒಡೆಯಿತು’ ಅಂದರೆ ತಪ್ಪು, ಕಟ್ಟೆ ಒಡೆದಿಲ್ಲ. ‘ಕೊಚ್ಚಿ ಹೋಯಿತು’ ಅಂದರೂ ತಪ್ಪು. ನಮ್ಮೂರಲ್ಲಿ ‘ಹೊಳೆ ಮಗ್ಗುಲಾಯ್ತು’ ಅಂತ ಒಬ್ಬ ಅಜ್ಜಿ ಅಂದದ್ದು ಕೇಳಿದ್ದೇನೆ. ಅವರೊಬ್ಬರ ಮಾತೋ, ನಮ್ಮ ಕಡೆಯ ಬಳಕೆಯೋ ತಿಳಿದವರು ಹೇಳಿ.

ಕಟ್ಟೆಯ ಹೆಸರಿಗೆ ಸದ್ಯ ನನ್ನ ಒಲವು ಬರೀ ‘ಅಣೆ’ ಕಡೆಗೆ. ಮೊದಲ ಸಾಲಿನಲ್ಲಿ ‘ಅಣೆ, ಅಂದರೆ ಪಿಕಪ್ಪು’ ಅಂತ ಬರೆದು, ಮುಂದೆಲ್ಲ ಅಣೆ ಅಂತಲೇ ಹೋಗಬಹುದು. ‘ತಿರುವುಗಟ್ಟೆ’ ಅಂತ ಹೊಸದು ಕಟ್ಟೋಣ ಅಂತ ಗೆಳೆಯರೊಬ್ಬರು ಹೇಳಿದರು. ಪದ ಚೆನ್ನಾಗಿದೆ, ಆದರೆ ಊರಲ್ಲಿ ಬಾಯಲ್ಲಿರುವ ಪದ ಇರುವಾಗ ಹೊಸದು ಯಾಕೆ? ಉತ್ತರ ಕರ್ನಾಟಕದ ‘ಬಾಂದಾರ’ ನಮ್ಮ ಕಡೆ ಯಾರಿಗೂ ತಿಳಿಯಲ್ಲ.

ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಮುಖ್ಯವಾಗಿ ಕೇಳುತ್ತಿದ್ದೇನೆ. ನಿಮ್ಮಲ್ಲಿ ಮನೆಮಾತು ತೆಲುಗಾದವರು ಜಾಸ್ತಿ. ತೆಲುಗಿನ ‘ಆನಕಟ್ಟ’ ನಿಮ್ಮ ಕನ್ನಡದಲ್ಲೂ ಬರುತ್ತದಾ? ಬಂದರೆ ಅದು ಸಣ್ಣ ಕಟ್ಟೆಗೋ, ದೊಡ್ಡ ಡ್ಯಾಮಿಗೋ? ಮುಂಗಾರಿಗೆ ಮುಂಚೆ ಹಾಳೆ ಅಚ್ಚಾಗಬೇಕು. ಮನೆಯ ಹಿರಿಯರನ್ನು ಒಂದು ಮಾತು ಕೇಳಿ ಬರೆದರೆ ಇನ್ನೂ ಒಳ್ಳೆಯದು.